ಒಂದೇ ದಿಕ್ಕಿನ ಸ್ಕ್ರೂಗಳು

ಮನೆ ಹಿಂದಿನ ತೋಟಕ್ಕೆ ಮರದ ಜಗಲಿ ಹಾಕಿಸಬೇಕೆಂದರೆ ಆ ಕಡೆಯ ಜನ ಅವನನ್ನೇ ಕರೆಯುತ್ತಿದ್ದರು. ಈಗೀಗ ಗಿರಾಕಿಗಳು ಅದನ್ನು ಡೆಕ್ ಅನ್ನುತ್ತಾರೆ. ಅವನ ಬಾಯಲ್ಲಿ ಮಾತ್ರ ಅದು ಜಗಲಿಯೇ. ಸೋರುವ ನಲ್ಲಿ, ಬೀಳದ ಚಿಲಕ, ವಾಲಿದ ಶೆಡ್ಡು ಎಲ್ಲಕ್ಕೂ ಕೈಹಾಕುವವನಾದರೂ ಹೆಸರು ತಂದುಕೊಟ್ಟದ್ದು ಜಗಲಿ. ಎದುರಿಗೆ ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು. ಬೆನ್ನ ಹಿಂದೆ ಅನುಮಾನದ ಮೇಸ್ತ್ರಿ.

ಸುಮ್ಮನೆ ಬಂದ ಹೆಸರಲ್ಲ. ಮರದಂಗಡಿಗೆ ಹೋದರೆ ಪ್ರತಿ ಹಲಗೆಯನ್ನೂ ಕಣ್ಣ ನೇರಕ್ಕೆ ಹಿಡಿದು, ಬೆರಳ ಗೆಣ್ಣಿನಿಂದ ಬಡಿದು, ಮೂಸಿ, ಆಮೇಲೆ ಅಂಗಡಿಯವನ ಮುಖವನ್ನೂ ಅಷ್ಟೇ ಹೊತ್ತು ನೋಡುತ್ತಿದ್ದ. ಮಟ್ಟ ನೋಡಲು ಹೊಸ ರಸಮಟ್ಟ ತಂದರೆ ಹಳೆಯದರ ಪಕ್ಕ ಇಟ್ಟು, ಎರಡರಲ್ಲಿ ಯಾವುದು ಸುಳ್ಳು ಹೇಳುತ್ತಿದೆ ಎಂದು ಅರ್ಧ ದಿನ ವಿಚಾರಣೆ ನಡೆಸುತ್ತಿದ್ದ. ಹೆಂಡತಿ ಕೇಳುವ ಮೊದಲೇ ಚಹಾ ತಂದಿಟ್ಟರೆ "ಏನು ವಿಷಯ?" ಅನ್ನುವ ಆಸಾಮಿ.

ಅವನ ಕೆಲಸಕ್ಕೊಂದು ಗುರುತಿತ್ತು. ಬೇರೆಯವರು ಮಿಷನ್ ಹಿಡಿದು ಗರ್ರೆಂದು ಸ್ಕ್ರೂ ಇಳಿಸಿ ಹೋಗುತ್ತಾರೆ. ಇವನದು ತಲೆಯ ಮೇಲೆ ಒಂದೇ ಗೀರಿರುವ ಹಳೇ ಕಾಲದ ಸ್ಕ್ರೂ, ಕೊನೆಯ ಸುತ್ತು ಕೈಯಲ್ಲೇ. ಎಲ್ಲ ಗೀರುಗಳೂ ಹಲಗೆಯ ಉದ್ದಕ್ಕೇ ನಿಲ್ಲಬೇಕು, ಒಂದೂ ಓರೆಯಾಗಬಾರದು. ಹಾಗಿದ್ದರೆ ಪೊರಕೆ ಎಳೆದಾಗ ಗೀರಿನ ಕಸ ಹೊರಬರುತ್ತದೆ ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. ನಿಜವಾದ ಕಾರಣ ಬೇರೆ. ಯಾರಾದರೂ ತನ್ನ ಹಲಗೆ ಬಿಚ್ಚಿ ಮತ್ತೆ ಹಾಕಿದರೆ ಗೀರು ಓರೆಯಾಗಿ ಸಿಕ್ಕಿಬೀಳಲಿ ಎಂದು. ಮೂವತ್ತು ವರ್ಷದಲ್ಲಿ ಒಬ್ಬನೂ ಸಿಕ್ಕಿಬಿದ್ದಿರಲಿಲ್ಲ. ಅದರ ಮೇಲೂ ಅವನಿಗೆ ಅನುಮಾನವಿತ್ತು.

ಜೊತೆಗೆ ದುಡಿಯುತ್ತಿದ್ದವನು ಹೆಂಡತಿಯ ತಮ್ಮ. ಐವತ್ತು ದಾಟಿದ, ಬಾಯಿಗೆ ಬಿಡುವೇ ಕೊಡದ ಮನುಷ್ಯ. ಗುಂಡಿ ತೋಡುವುದು, ತೊಲೆ ಹೊರುವುದು, ಗರಗಸ ಎಲ್ಲ ಅವನದು. ಸ್ಕ್ರೂ ಮಾತ್ರ ಮುಟ್ಟುವಂತಿಲ್ಲ. ಊರಿನವರನ್ನೆಲ್ಲ ಜರಡಿ ಹಿಡಿಯುತ್ತಿದ್ದ ಮೇಸ್ತ್ರಿ ಹದಿನೆಂಟು ವರ್ಷದಿಂದ ಈ ಭಾವಮೈದ ಒಬ್ಬನನ್ನು ನಂಬಿದ್ದ. ಇವನು ಕೈಬಿಟ್ಟರೆ ಇನ್ನೊಬ್ಬ ಸಿಗುವುದಿಲ್ಲ, ಸಿಕ್ಕರೂ ತಾನು ನಂಬುವುದಿಲ್ಲ ಎಂಬುದು ಅವನಿಗೇ ಗೊತ್ತಿತ್ತು.

ಆ ನಂಬಿಕೆಗೆ ಹುಳ ಹೊಕ್ಕಿದ್ದು ಒಂದು ಭಾನುವಾರ. ಕೆಲಸವಿಲ್ಲದ ದಿನ ಊಟಕ್ಕೆ ಬಂದ ಭಾವಮೈದನ ಪ್ಯಾಂಟಿನ ಮಂಡಿಗೆ ಮರದ ಪುಡಿ ಮೆತ್ತಿತ್ತು.

"ಎಲ್ಲಿಗೆ ಹೋಗಿದ್ಯೋ?"

"ಎಲ್ಲೂ ಇಲ್ಲ ಭಾವ. ಹೀಗೇ ಸುತ್ತಾಡ್ತಿದ್ದೆ."

"ಮಂಡಿ ಊರ್ಕೊಂಡು ಸುತ್ತಾಡಿದ್ಯಾ?"

ಹೆಂಡತಿ ತಮ್ಮನ ತಟ್ಟೆಗೆ ಇನ್ನಷ್ಟು ಬಡಿಸಿ ಮಾತು ಮರೆಸಿದಳು. ಅದನ್ನೂ ಮೇಸ್ತ್ರಿ ಗಮನಿಸಿದ.

ಮುಂದಿನ ವಾರ ಪೋಸ್ಟ್‌ಮ್ಯಾನನ ಹೆಂಡತಿ ದಾರಿಯಲ್ಲಿ ಸಿಕ್ಕಳು. "ನಿಮ್ಮ ಭಾವಮೈದ ಬಂದು ನೀವು ಹಾಕಿದ ಜಗಲಿ ಎಲ್ಲಾ ನೋಡ್ಕೊಂಡು ಹೋದ್ರು ಮೇಸ್ತ್ರಿ. ಏನು ಕೊಟ್ರೂ ಬೇಡ ಅಂದ್ಬಿಟ್ರು. ಒಳ್ಳೇ ಜನ."

ಒಳ್ಳೇ ಜನವಂತೆ. ಮೇಸ್ತ್ರಿಗೆ ಮೈಯೆಲ್ಲ ಉರಿದುಹೋಯಿತು. ಬಿಟ್ಟಿ ಕೆಲಸ ಮಾಡಿಕೊಟ್ಟು ಗಿರಾಕಿಗಳನ್ನು ಬುಟ್ಟಿಗೆ ಹಾಕಿಕೊಳ್ಳುತ್ತಿದ್ದಾನೆ, ನಾಳೆ ಬೇರೆ ಬೋರ್ಡು ತಗಲಿಸುತ್ತಾನೆ, ಅಕ್ಕನೂ ಒಳಗಿಂದೊಳಗೆ ಸೇರಿದ್ದಾಳೆ. ನೆಪ ಹೇಳಿ ಆ ಮನೆಗೆ ಹೋಗಿ ಹಲಗೆಗಳ ಮೇಲೆ ಬೆರಳಾಡಿಸಿದ. ಗೀರುಗಳೆಲ್ಲ ನೂಲು ಹಿಡಿದಂತೆ ನೇರ. ಅದರಿಂದ ಸಮಾಧಾನವೇನೂ ಆಗಲಿಲ್ಲ. ನನ್ನ ಗುರುತನ್ನೂ ಕದ್ದು ಕಲಿತಿದ್ದಾನೆ ಎಂದುಕೊಂಡ. ಅಂದಿನಿಂದ ಭಾವಮೈದ ನಕ್ಕರೆ ಯಾಕೆ ನಕ್ಕ, ನಗದಿದ್ದರೆ ಯಾಕೆ ನಗಲಿಲ್ಲ ಎಂಬ ಲೆಕ್ಕವೇ ಆಯಿತು.

ಹೀಗಿರುವಾಗ ಟೀಚರಮ್ಮನ ಫೋನು ಬಂತು. ರಿಟೈರಾದ ಟೀಚರು, ಒಂಟಿಯಾಗಿರುವವರು. ನಾಲ್ಕು ತಿಂಗಳ ಹಿಂದೆ ಅವರ ತೋಟದಲ್ಲಿ ಮಂಡಿಯೆತ್ತರದ ಜಗಲಿ ಹಾಕಿಕೊಟ್ಟಿದ್ದ. ಮೂಲೆಯ ಹಲಗೆ ಕಾಲಿಟ್ಟರೆ ಎದ್ದು ಕೂರುತ್ತಿದೆಯಂತೆ. ನಿನ್ನೆ ನೀರಿನ ಕ್ಯಾನು ಹಿಡಿದುಕೊಂಡು ಬೀಳುವುದರಲ್ಲಿದ್ದರಂತೆ.

ಮೇಸ್ತ್ರಿ ಒಬ್ಬನೇ ಹೋದ. ಮೂಲೆಯಲ್ಲಿ ಕೂತು ಬಗ್ಗಿ ನೋಡಿದ. ಈಚೆಗೆ ಬಿಸಿಲಲ್ಲಿ ಎಲ್ಲವೂ ಹಾಲು ಬೆರೆಸಿದ ಹಾಗೆ ಕಾಣುತ್ತಿತ್ತು. ಮರದ ಧೂಳು ಎಂದು ಕಣ್ಣುಜ್ಜಿಕೊಂಡು ಬೆರಳಾಡಿಸಿದ. ಆರು ಸ್ಕ್ರೂ, ಆರೂ ಓರೆ. ಒಂದೊಂದು ಗೀರು ಒಂದೊಂದು ದಿಕ್ಕಿಗೆ. ಕಳ್ಳ ಕೊನೆಗೂ ಸಿಕ್ಕಿದ್ದ, ಅದೂ ಮನೆಯವನೇ.

"ಇಲ್ಲಿಗೆ ಯಾರು ಬಂದಿದ್ರು ಟೀಚರಮ್ಮ?"

"ಯಾರೂ ಬಂದಿಲ್ಲಪ್ಪ. ನಿಮ್ಮ ಭಾವಮೈದ ಎರಡು ಸಲ ಫೋನ್ ಮಾಡಿದ್ರು, ಒಂದ್ಸಲ ಬಂದು ನೋಡ್ತೀನಿ ಅಂತ. ನಾನು ಮಗಳ ಮನೇಲಿದ್ದೆ, ಗೇಟಿಗೆ ಬೀಗ."

ಬೀಗವಂತೆ. ಬೀಗ ತೆಗೆಯುವುದನ್ನು ಆ ನನ್ನ ಮಗನಿಗೆ ಕಲಿಸಿದವನೇ ನಾನು ಎಂದು ಮೇಸ್ತ್ರಿ ಹಲ್ಲು ಕಡಿದ. ಅಲ್ಲಿಂದಲೇ ಭಾವಮೈದನನ್ನು ಕರೆಸಿದ.

"ಇದನ್ನ ಬಿಚ್ಚಿದ್ದು ಯಾರು?"

ಭಾವಮೈದ ಹಲಗೆ ನೋಡಿದ. "ಯಾರೂ ಬಿಚ್ಚಿಲ್ಲ ಭಾವ."

"ಹದಿನೆಂಟು ವರ್ಷ ಜೊತೇಲಿ ಇಟ್ಕೊಂಡಿದ್ದಕ್ಕೆ ಇದಾ? ನಾಳೆಯಿಂದ ಕೆಲಸಕ್ಕೆ ಬರಬೇಡ."

ಬೇರೆ ದಿನವಾಗಿದ್ದರೆ ಒಂದಕ್ಕೆ ಹತ್ತು ಮಾತಾಡುತ್ತಿದ್ದ ಭಾವಮೈದ ಅಂದು ಅಂಗಿ ತೋಳು ಮಡಚಿ, ಅಂಗಾತ ಮಲಗಿ ಜಗಲಿಯ ಅಡಿಗೆ ಸರಿದ. "ಬನ್ನಿ, ನೀವೂ ನೋಡಿ" ಎಂಬ ದನಿ ಮಾತ್ರ ಬಂತು.

ಮೇಸ್ತ್ರಿ ಗೊಣಗುತ್ತಲೇ ಪಕ್ಕದಲ್ಲಿ ತೂರಿದ. ಭಾವಮೈದ ಅವನ ಕೈ ಹಿಡಿದು ಮೇಲಕ್ಕೆ ಒಯ್ದ. ಸ್ಕ್ರೂಗಳ ಚೂಪು ತುದಿ ಬೆರಳಿಗೆ ತಾಗಿತು. ಒಂದು, ಎರಡು, ಆರೂ ತೊಲೆಗೆ ಸಿಗದೆ ಅರ್ಧ ಇಂಚು ಪಕ್ಕಕ್ಕೆ ಇಳಿದು, ಏನನ್ನೂ ಹಿಡಿಯದೆ ಗಾಳಿಯಲ್ಲಿ ನಿಂತಿದ್ದವು. ಯಾರೋ ಬಿಚ್ಚಿ ತಪ್ಪಾಗಿ ಹಾಕಿದ್ದರೆ ತೊಲೆಯಲ್ಲಿ ಹಳೇ ತೂತು ಇರಬೇಕಲ್ಲ. ಮೇಸ್ತ್ರಿ ಸಡಿಲ ಹಲಗೆಯನ್ನು ಮೇಲಕ್ಕೆ ತಳ್ಳಿ ತೊಲೆಯ ಮೇಲಂಚನ್ನು ಸವರಿದ. ಮತ್ತೊಮ್ಮೆ ಸವರಿದ. ಕೀಸಿದ ಮರ ನುಣ್ಣಗಿತ್ತು, ಒಂದು ತೂತೂ ಇರಲಿಲ್ಲ. ಈ ಹಲಗೆಗೆ ಮೊದಲು ಬಿದ್ದ ಸ್ಕ್ರೂಗಳೇ ಇವು. ಹಾಕಿದ ಕೈ ಅವನದೇ.

ತೊಲೆಯಿಂದ ಕೈ ತೆಗೆಯದೆ ಕೇಳಿದ. "ಎಷ್ಟು ಕಡೆ ಹೀಗೆ?"

"ಎರಡು ವರ್ಷದಲ್ಲಿ ಒಂಬತ್ತು ಮನೆ. ಎಲ್ಲಾ ಕಡೆ ಹಲಗೇಲಿದ್ದ ಹಳೇ ತೂತಿಗೆ ಮರದ ಬಿರಡೆ ಬಡಿದು ಸರಿ ಮಾಡಿದೀನಿ. ಇದೊಂದೇ ಉಳ್ಕೊಂಡಿತ್ತು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಂಬ್ತಿದ್ರಾ ಭಾವ?"

"ನಿಮ್ಮಕ್ಕಂಗೆ ಗೊತ್ತಾ?"

"ಅವಳೇ ಕಳಿಸಿದ್ದು. ನೀವು ಸೂಜಿಗೆ ದಾರ ಪೋಣಿಸಿಕೊಡೋದು ಬಿಟ್ಟಾಗಲೇ ಅವಳಿಗೆ ಗೊತ್ತಾಗಿತ್ತು."

ಮರದಂಗಡಿಯವನು, ರಸಮಟ್ಟ, ಹೆಂಡತಿಯ ಚಹಾ, ಯಾರನ್ನೂ ಯಾವುದನ್ನೂ ಬಿಡದೆ ಅನುಮಾನಿಸಿದವನಿಗೆ ತನ್ನ ಕಣ್ಣುಗಳ ಮೇಲೆ ಮಾತ್ರ ಒಂದು ದಿನವೂ ಅನುಮಾನ ಬಂದಿರಲಿಲ್ಲ. ನಾಚಿಕೆಯಿಂದ ಹೊರಗೆ ಬರಲೂ ಮನಸ್ಸಾಗದೆ ಆ ತಣ್ಣನೆಯ ಮಣ್ಣಿನ ಮೇಲೆ ಬಿದ್ದುಕೊಂಡೇ ಇದ್ದ. ಟೀಚರಮ್ಮ ಮೇಲಿಂದ "ಹುಷಾರಾಗಿದ್ದೀರಾ ಇಬ್ರೂ?" ಎಂದು ಕೇಳಿದ ಮೇಲೆಯೇ ಎದ್ದದ್ದು.

ಹೊರಬಂದವನು ತನ್ನ ಸ್ಕ್ರೂಡ್ರೈವರನ್ನು ಭಾವಮೈದನ ಮುಂದೆ ಹಿಡಿದ. ಹಿಡಿ ಸವೆದು ಅವನ ಅಂಗೈಯ ಅಚ್ಚೇ ಆಗಿದ್ದ ಸ್ಕ್ರೂಡ್ರೈವರು. "ತಗೋ. ನಾಳೆ ಬೆಳಿಗ್ಗೆ ಕಣ್ಣಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗು."

"ನಾಳೆಯಿಂದ ಬರಬೇಡ ಅಂದ್ರಲ್ಲ."

"ಕೆಲಸಕ್ಕೆ ಬರಬೇಡ ಅಂದೆ. ಡಾಕ್ಟರ್ ಹತ್ರ ಬರಬೇಡ ಅಂದ್ನಾ?"

ಭಾವಮೈದ ಆರೂ ಸ್ಕ್ರೂ ತೆಗೆದು, ಬಿರಡೆ ಬಡಿದು, ತೊಲೆಯ ನೆತ್ತಿಗೇ ಹೊಸದಾಗಿ ಇಳಿಸಿದ. ಮೇಸ್ತ್ರಿ ಕಣ್ಣು ಮುಚ್ಚಿ, ಆ ಸಾಲನ್ನು ಬೆರಳಿನಿಂದ ಓದಿದ. ಆರೂ ನೇರ. ಬೆರಳು ಹಾಗೇ ಮುಂದಿನ ಹಲಗೆಗೆ ಸರಿಯಿತು. ಅಲ್ಲೊಂದು ಗೀರು ಓರೆಯಾಗಿತ್ತು.

"ಇದು ಯಾರದು?"

"ನಂದೇ ಭಾವ. ಈಗ ಕೈ ತಪ್ತು."

ಆ ಹಲಗೆಯನ್ನು ಭಾವಮೈದ ಮುಟ್ಟಿಯೇ ಇರಲಿಲ್ಲ. ಅದು ಸುಳ್ಳೆಂದು ಮೇಸ್ತ್ರಿಗೆ ಚೆನ್ನಾಗಿ ಗೊತ್ತಿತ್ತು.

"ಸರಿ, ನೇರ ಮಾಡು" ಅಂದ.