ಕಾಜಾ ಅಕ್ಕನ ಮೂರು ನಿಮಿಷ

ಅಂಗಿಯ ಗುಂಡಿಯನ್ನು ಎಲ್ಲರೂ ನೋಡುತ್ತಾರೆ, ಅದು ತೂರಿಕೊಳ್ಳುವ ಕಾಜಾ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಅಂಥ ಕಾಜಾಗಳನ್ನೇ ಹನ್ನೆರಡು ವರ್ಷ ಕೈಹೊಲಿಗೆಯಲ್ಲಿ ಕಟ್ಟಿದವಳು ಒಬ್ಬಳಿದ್ದಳು. ಆಮೇಲೆ ಮಷೀನು ಕೊಂಡಳು, ಸ್ವಂತ ಅಂಗಡಿ ಇಟ್ಟಳು, ಕೋಟು ಹೊಲಿಯುವಷ್ಟು ಬೆಳೆದಳು. ಆದರೂ ಅಂಟಿಕೊಂಡ ಹೆಸರು ಬಿಡಲಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವಳು ಕಾಜಾ ಅಕ್ಕ. ಗಂಡ ಬಸ್ಸಿನ ಡ್ರೈವರು. ಅವನೂ ಒಂದೆರಡು ಸಲ ಜನರೆದುರು ಮೈಮರೆತು "ಅಕ್ಕಾ" ಎಂದು ಕೂಗಿ ನಾಲಿಗೆ ಕಚ್ಚಿಕೊಂಡದ್ದುಂಟು.

ದಾರದ ಅಂಗಡಿಯ ಮೇಲಿನ ಮಹಡಿಯಲ್ಲಿ ಹೊಲಿಗೆಯವರ ಪತ್ತಿನ ಸಹಕಾರ ಸಂಘ. ಒಂದು ಕೋಣೆ, ಎರಡು ಬೆಂಚು, ಬಾಗಿಲು ಸರಿಯಾಗಿ ಮುಚ್ಚದ ಒಂದು ಕಬ್ಬಿಣದ ಬೀರು. ಏರಿ ಬರುವ ಮೆಟ್ಟಿಲಿಗೆಲ್ಲ ಮಷೀನ್ ಎಣ್ಣೆಯ ವಾಸನೆ. ನಾನೂರ ಹನ್ನೆರಡು ಸದಸ್ಯರು ತಮ್ಮ ಉಳಿತಾಯ ಇಡುತ್ತಿದ್ದದ್ದು ಅಲ್ಲೇ, ಬೇಕಾದಾಗ ಸಾಲ ಪಡೆಯುತ್ತಿದ್ದದ್ದೂ ಅಲ್ಲೇ. ಕಾಜಾ ಅಕ್ಕನ ಮೊದಲ ಮಷೀನು ಬಂದದ್ದು ಈ ಕೋಣೆಯಿಂದ. ಆಸ್ತಿಯ ಪತ್ರ ಯಾರೂ ಕೇಳಿರಲಿಲ್ಲ. ಇಬ್ಬರು ಸದಸ್ಯರು ಎದ್ದು ನಿಂತು, "ಇವಳನ್ನ ನಾವು ಬಲ್ಲೆವು" ಎಂದಿದ್ದರು, ಅಷ್ಟೇ. ಆ ಮಾತಿನ ಋಣ ತೀರಿಸಲೆಂದೇ ಅವಳು ಒಂಬತ್ತು ವರ್ಷದಿಂದ ಸಂಘದ ಕಾರ್ಯದರ್ಶಿ.

ಆ ಸಂಘದಲ್ಲಿ ಬೇರೆಲ್ಲೂ ಇಲ್ಲದ ಒಂದು ರೂಢಿಯಿತ್ತು. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಬರೆದುಕೊಂಡ ಅಳತೆಯನ್ನು ಗಿರಾಕಿಗೆ ಓದಿ ಹೇಳುತ್ತಾರಲ್ಲ, ಹಾಗೆಯೇ ಸಭೆಯಲ್ಲಿ ಯಾರು ಮಾತಾಡಲು ಎದ್ದರೂ ಮೊದಲು ತನಗಿಂತ ಹಿಂದೆ ಮಾತಾಡಿದವರ ಮಾತನ್ನು ಒಪ್ಪಿಸಬೇಕು. ಒಪ್ಪಿಸಿ, "ಅಳತೆ ಸರಿನಾ?" ಎಂದು ಕೇಳಬೇಕು. ಅವರು "ಸರಿ" ಅಂದಮೇಲೆಯೇ ತನ್ನ ಮಾತು. ಸಂಘದ ಅಧ್ಯಕ್ಷರಾದ ಮುದಿ ಕಟಿಂಗ್ ಮಾಸ್ತರು ಈ ಕಟ್ಟಳೆ ತಂದದ್ದು ಒಂದು ಜಗಳದ ದಿನ. ಇಬ್ಬರು ಸದಸ್ಯರು ಮಧ್ಯಾಹ್ನದವರೆಗೆ ಕಿತ್ತಾಡಿ, ಕೊನೆಗೆ ನೋಡಿದರೆ ಇಬ್ಬರೂ ಹೇಳುತ್ತಿದ್ದದ್ದು ಒಂದೇ ಮಾತಾಗಿತ್ತು. ಅಂದಿನಿಂದ ಸಭೆಗಳು ಉದ್ದವಾದವು, ಜಗಳಗಳು ಗಿಡ್ಡವಾದವು.

ಕಾಜಾ ಅಕ್ಕನ ನಾದಿನಿಗೆ ಮಾತ್ರ ಇದು ನಗೆಪಾಟಲು. ಅವಳು ಪಕ್ಕದ ಓಣಿಯಲ್ಲಿ ಹೊಲಿಗೆಯವರ ಬಟ್ಟೆಗಳಿಗೆ ಇಸ್ತ್ರಿ ಹಾಕಿಕೊಡುವವಳು, ಸಂಘ ಸೇರಲು ಅರ್ಹಳು, ಆದರೆ ಸೇರಿರಲಿಲ್ಲ.

"ನಿಮ್ಮ ಸಂಘದಲ್ಲಿ ಸೂಜಿ ಬೇಕು ಅಂದ್ರೆ ಹೊತ್ತು ಮುಳುಗೋವರೆಗೂ ಪಾಠ ಒಪ್ಪಿಸಬೇಕು. ನನ್ನ ಇಸ್ತ್ರಿ ಪೆಟ್ಟಿಗೆ ಆರಿ ತಣ್ಣಗಾಗುತ್ತೆ, ಅತ್ತಿಗೆ."

"ನಿನ್ನ ಬಾಯಿ ತಣ್ಣಗಾಗೋ ದಿನ ಬಂದು ಸೇರ್ಕೋ," ಎನ್ನುತ್ತಿದ್ದಳು ಕಾಜಾ ಅಕ್ಕ.

ಹೀಗಿರುವಾಗ ಸರ್ಕಾರ ಒಂದು ಮಸೂದೆ ತಂದಿತು. ಸಾವಿರ ಸದಸ್ಯರಿಲ್ಲದ ಪತ್ತಿನ ಸಂಘಗಳನ್ನೆಲ್ಲ ದೊಡ್ಡ ಬ್ಯಾಂಕುಗಳೊಳಗೆ ಸೇರಿಸಿಬಿಡಬೇಕು ಎಂದು ಅದರ ಒಂಬತ್ತನೇ ಕಲಮು. ಮಾಸ್ತರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಅಂದ್ರೆ ನಮ್ಮ ಬಾಗಿಲಿಗೆ ಬೀಗ," ಎಂದರು. ನಾನೂರ ಹನ್ನೆರಡು ಜನರಲ್ಲಿ ದೊಡ್ಡ ಬ್ಯಾಂಕು ಕೇಳುವ ಕಾಗದಪತ್ರ ಇದ್ದವರು ಮೂವತ್ತು ಮಂದಿಯೂ ಇರಲಿಲ್ಲ.

ಕಾಜಾ ಅಕ್ಕ ಮನವಿ ಬರೆದಳು. ಪ್ರತಿ ಗುರುವಾರ ಅಂಗಡಿ ಅರ್ಧ ದಿನ ಮುಚ್ಚಿ ಶಾಸಕರ ಕಚೇರಿಗೆ ಹೋದಳು. ಅಲ್ಲಿ ಗೋಡೆಗಂಟಿದ ಉದ್ದ ಬೆಂಚು, ನೀರಿನ ಫಿಲ್ಟರು, ಒಬ್ಬ ಆಪ್ತ ಸಹಾಯಕ. "ಮನವಿ ಇಟ್ಟು ಹೋಗಿ, ಸಾಹೇಬರಿಗೆ ತೋರಿಸ್ತೀನಿ," ಎಂಬುದು ಅವನ ಒಂದೇ ರಾಗ. ಆರು ಗುರುವಾರ ಆರು ಮನವಿ ಇಟ್ಟಳು. ಏಳನೆಯದು ಇಡಲು ಹೋದಾಗ ಮೊದಲ ಆರೂ ಅದೇ ಟ್ರೇಯಲ್ಲಿ, ಇಟ್ಟ ಹಾಗೇ ಇದ್ದವು. ಅಷ್ಟರಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಅವನ ತೋಳಿನ ಗುಂಡಿ, ಒಂದೇ ಎಳೆಯಲ್ಲಿ ಜೋತಾಡುತ್ತಿತ್ತು. ಇಂಥದ್ದು ಕಂಡರೆ ಅವಳ ಕೈ ಸುಮ್ಮನಿರದು.

"ಕೈ ಚಾಚು ತಮ್ಮಾ," ಎಂದು ಚೀಲದಿಂದ ಸೂಜಿದಾರ ತೆಗೆದಳು.

ಅವನು ಬೇಡ ಅನ್ನುವಷ್ಟರಲ್ಲಿ ಸೂಜಿ ಒಳಗಿಳಿದಾಗಿತ್ತು. ಇನ್ನು ದಾರ ಕಡಿಯುವವರೆಗೆ ಅವನು ಎಲ್ಲಿಗೂ ಎದ್ದು ಹೋಗುವ ಹಾಗಿರಲಿಲ್ಲ. ಕಾಜಾ ಅಕ್ಕ ಎರಡು ಸುತ್ತು ಹಾಕುವ ಕಡೆ ಹದಿನಾರು ಸುತ್ತು ಹಾಕುತ್ತ, ಒಂಬತ್ತನೇ ಕಲಮಿನ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿ ಮುಗಿಸಿದಳು.

"ಗುಂಡಿ ಇನ್ನು ಅಂಗಿ ಹರಿದ್ರೂ ಬೀಳಲ್ಲ," ಎಂದಳು.

ಅವನು ತೋಳು ನೋಡಿಕೊಂಡ, ಅವಳನ್ನು ನೋಡಿದ. "ಮಸೂದೆ ನೋಡೋಕೆ ಸದನದ ಸಮಿತಿ ಇದೆ. ಜನರ ಅಹವಾಲು ಕೇಳ್ತಾರೆ. ಹೆಸರು ಕಳಿಸ್ತೀನಿ. ಆದ್ರೆ ಒಬ್ಬರಿಗೆ ಮೂರೇ ನಿಮಿಷ, ಅಕ್ಕ."

ಮೂರು ನಿಮಿಷಕ್ಕೆ ಹೊಂದುವಂತೆ ಸಂಘವೇ ಕೂತು ಒಂದು ಪುಟ ಬರೆಯಿತು. ಕಾಜಾ ಅಕ್ಕ ಮಷೀನಿನ ಮುಂದೆ, ಒಲೆಯ ಮುಂದೆ, ಕನ್ನಡಿಯ ಮುಂದೆ ಅದನ್ನು ಬಾಯಿಪಾಠ ಮಾಡಿದಳು. ಗಂಡ ಕೈಗಡಿಯಾರ ಹಿಡಿದು ಕೂತ. "ಎರಡು ನಿಮಿಷ ಐವತ್ತು ಸೆಕೆಂಡು. ನನ್ನ ಬಸ್ಸು ಒಂದು ದಿನಾನೂ ಇಷ್ಟು ಸರಿಯಾಗಿ ಸ್ಟಾಪಿಗೆ ಬಂದಿಲ್ಲ," ಎಂದ. ಅವನಿಗೆ ರಜೆ ಸಿಗಲಿಲ್ಲ, ಹಾಗಾಗಿ ಜೊತೆಗೆ ನಾದಿನಿ ಹೊರಟಳು. ಅತ್ತಿಗೆ ತಾನೇ ಹೊಲಿದುಕೊಂಡ ಕೋಟಿಗೆ ಕತ್ತಿಯ ಅಲುಗಿನಂಥ ಇಸ್ತ್ರಿ ಹಾಕಿಕೊಟ್ಟವಳೂ ಅವಳೇ.

ಸಮಿತಿಯ ಕೋಣೆಯಲ್ಲಿ ಕುದುರೆಯ ಲಾಳದಾಕಾರದ ಮೇಜು. ನಡುವೆ ಅಧ್ಯಕ್ಷೆ, ಬೆಳ್ಳಿಗೂದಲಿನ ಹೆಂಗಸು, ಕೈಗೆ ಸಿಗುವಂತೆ ಒಂದು ಗಂಟೆ. ಕಾಜಾ ಅಕ್ಕನಿಗಿಂತ ಮುಂಚೆ ಎದ್ದವನು ಬೂದು ಕೋಟಿನ ವಕೀಲ, ದೊಡ್ಡ ಬ್ಯಾಂಕುಗಳ ಪರವಾಗಿ ಬಂದವನು. ಚೆನ್ನಾಗಿಯೇ ಮಾತಾಡಿದ. ಸಣ್ಣ ಸಂಘಗಳನ್ನು ತಪಾಸಣೆ ಮಾಡುವವರಿಲ್ಲ, ನಡೆಸುವವರು ತರಬೇತಿ ಪಡೆದವರಲ್ಲ, ಒಂದು ಮುಳುಗಿದರೆ ಬಡವರ ಉಳಿತಾಯವೇ ಮುಳುಗುತ್ತದೆ ಎಂದು ಹೇಳಿ ಕೂತ.

ಕಾಜಾ ಅಕ್ಕ ಎದ್ದಳು. ಕೈಯಲ್ಲಿ ಪುಟವಿತ್ತು. ಆದರೆ ಒಂಬತ್ತು ವರ್ಷದ ರೂಢಿ ನಾಲಿಗೆಯಲ್ಲಿ ಕೂತಿತ್ತು.

"ನನಗಿಂತ ಮುಂಚೆ ಈ ಅಣ್ಣ ಹೇಳಿದ್ದು ಏನಂದ್ರೆ," ಎಂದು ಶುರುಮಾಡಿದಳು. ವಕೀಲನ ಮೂರು ಮಾತನ್ನೂ ಒಂದೊಂದಾಗಿ ಒಪ್ಪಿಸಿದಳು. ಅವನು ಹೇಳದೆ ಬಿಟ್ಟದ್ದನ್ನೂ ಸೇರಿಸಿದಳು. ನಮ್ಮ ಹಿಂದಿನ ಬೀದಿಯ ಬಡಗಿಗಳ ಸಂಘ ಹೀಗೇ ಮುಳುಗಿತು, ನಡೆಸುತ್ತಿದ್ದವನು ಕಳ್ಳನಲ್ಲ, ಲೆಕ್ಕ ಬಾರದವನು, ಅವನ ಮನೆಯ ಮುಂದೆ ಜನ ನಿಂತದ್ದನ್ನು ನಾನೇ ನೋಡಿದ್ದೇನೆ, ಈ ಅಣ್ಣನ ಭಯ ಸುಳ್ಳಲ್ಲ. ಇಷ್ಟು ಹೇಳಿ, ಅವನತ್ತ ತಿರುಗಿ ಕೇಳಿದಳು: "ಅಳತೆ ಸರಿನಾ?"

ವಕೀಲ ತಬ್ಬಿಬ್ಬಾದ. "ಸರಿ... ಸರಿಯಾಗೇ ಇದೆ."

ಗಂಟೆ ಬಡಿಯಿತು. ಮೂರು ನಿಮಿಷ ಮುಗಿದಿತ್ತು.

ಹಿಂದಿನ ಸಾಲಿನಲ್ಲಿ ನಾದಿನಿ ಹಣೆ ಚಚ್ಚಿಕೊಂಡ ಸದ್ದು ಮುಂದಿನವರೆಗೂ ಕೇಳಿಸಿತು. ಕಾಜಾ ಅಕ್ಕ ಕೈಯಲ್ಲಿದ್ದ ಪುಟ ನೋಡಿದಳು. ಅದರ ಒಂದಕ್ಷರವೂ ಹೊರಬಂದಿರಲಿಲ್ಲ. ನಾನೂರ ಹನ್ನೆರಡು ಜನರ ಮಾತು ಹೊತ್ತು ತಂದು, ಎದುರಾಳಿಯ ಮಾತು ಹೇಳಿ ಮುಗಿಸಿದ್ದಳು. ಹಾಗೇ ಕೂತಳು.

ಅಧ್ಯಕ್ಷೆ ಪೆನ್ನು ಕೆಳಗಿಟ್ಟರು. "ಅಮ್ಮಾ, ನೀವು ಯಾರ ಪರ ಬಂದಿರೋದು?"

"ಹೊಲಿಗೆಯವರ ಸಂಘದ ಪರ. ಅಭ್ಯಾಸ ಬಲ, ತಪ್ಪಾಯ್ತು," ಎಂದು ರೂಢಿಯ ಸಂಗತಿಯನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಮೇಜಿನ ಸುತ್ತ ನಗು ಹರಿಯಿತು. ಅಧ್ಯಕ್ಷೆ ನಗಲಿಲ್ಲ.

"ವಕೀಲರೇ, ನಿಮ್ಮ ಅಳತೆ ಓದಿ ಆಯ್ತು. ಈಗ ಅವರದ್ದು ನೀವು ಓದಬೇಕಲ್ಲ?"

"ಅವರು ತಮ್ಮದು ಏನೂ ಹೇಳಲೇ ಇಲ್ಲವಲ್ಲ, ಮೇಡಂ."

"ಹಾಗಾದ್ರೆ ಹೇಳಲಿ. ಒಂದು ನಿಮಿಷ. ಆಮೇಲೆ ನೀವು ಒಪ್ಪಿಸಿ."

ಒಂದು ನಿಮಿಷಕ್ಕೆ ಆ ಪುಟ ಒಗ್ಗದು. ಕಾಜಾ ಅಕ್ಕ ಅದನ್ನು ಮಡಚಿ ಚೀಲಕ್ಕೆ ಹಾಕಿದಳು.

"ಸೋಮವಾರ ಮಷೀನಿನ ಮೋಟರು ಸುಟ್ಟುಹೋದ್ರೆ ಮಂಗಳವಾರ ಹೊಲೀಬೇಕು, ಇಲ್ದಿದ್ರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ. ನಮ್ಮಲ್ಲಿ ಇಬ್ಬರು ಎದ್ದು ನಿಂತು ಬಲ್ಲೆವು ಅಂದ್ರೆ ಅವತ್ತೇ ಸಾಲ. ದೊಡ್ಡ ಬ್ಯಾಂಕು ಕಾಗದ ನೋಡೋಕೆ ತಿಂಗಳು ತಗೊಳುತ್ತೆ. ತಪಾಸಣೆ ಇಲ್ಲ ಅಂದ್ರಿ, ಒಪ್ಪಿದೆ, ತಪಾಸಣೆಯವರನ್ನ ಕಳಿಸಿ, ವರ್ಷಕ್ಕೆ ಎರಡು ಸಲ ಕಳಿಸಿ. ಅಂಗಿ ಸಡಿಲ ಆದ್ರೆ ಪಕ್ಕದಲ್ಲಿ ಹೊಲಿಗೆ ಹಿಡೀತೀವಿ. ಹರಿದು ನೆಲ ಒರೆಸೋ ಬಟ್ಟೆ ಮಾಡಲ್ಲ."

ವಕೀಲ ಎದ್ದು ಗಂಟಲು ಸರಿಮಾಡಿಕೊಂಡ. ತಪಾಸಣೆಗೆ ಒಪ್ಪಿಗೆ ಇದೆ, ವಿಲೀನಕ್ಕೆ ಇಲ್ಲ, ಬ್ಯಾಂಕಿನಲ್ಲಿ ವಿಳಂಬವಾಗುತ್ತದೆ ಎಂಬ ಅಭಿಪ್ರಾಯ ಎಂದು ಒಪ್ಪಿಸಿದ. "ಅಳತೆ... ಸರಿನಾ?"

"ಇಲ್ಲಣ್ಣ. ಮಂಗಳವಾರ ಬಿಟ್ಟಿರಿ."

ವಕೀಲ ಅವಳತ್ತ ತಿರುಗಿದ. "ಸೋಮವಾರ ಮೋಟರು ಸುಟ್ಟರೆ ಮಂಗಳವಾರ ಹೊಲಿಯಬೇಕು," ಎಂದ ನಿಧಾನವಾಗಿ.

"ಈಗ ಸರಿ," ಎಂದಳು ಕಾಜಾ ಅಕ್ಕ. ಬರೆದುಕೊಳ್ಳುವ ಗುಮಾಸ್ತ ಅದನ್ನೂ ಬರೆದುಕೊಂಡ.

ಐದು ತಿಂಗಳ ನಂತರ ಕಾಯಿದೆ ಬಂತು. ಮಾಸ್ತರು ಸಭೆಯಲ್ಲಿ ಓದಿದರು. ಸಾವಿರವೆಂದಿದ್ದದ್ದು ಐನೂರಾಗಿತ್ತು. ವರ್ಷಕ್ಕೆರಡು ತಪಾಸಣೆ. ಐನೂರು ಮುಟ್ಟಿಸಲು ಎರಡು ವರ್ಷ ಗಡುವು, ಮುಟ್ಟದಿದ್ದರೆ ವಿಲೀನ. ಯಾರೋ ಚಪ್ಪಾಳೆ ತಟ್ಟಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು. ಗೆದ್ದೆವೋ, ಸದ್ಯಕ್ಕೆ ಉಳಿದೆವೋ ಎಂದು ಯಾರಿಗೂ ತಿಳಿಯಲಿಲ್ಲ. ಇನ್ನೂ ಎಂಬತ್ತೆಂಟು ಜನ ಬೇಕು, ಈ ಬೀದಿಗಳಲ್ಲಿ ಉಳಿದಿರುವ ಹೊಲಿಗೆಯವರು ಅಷ್ಟಿಲ್ಲ.

ಬಾಗಿಲಲ್ಲಿ ಯಾರೋ ಕೆಮ್ಮಿದರು. ನಾದಿನಿ, ಕೈಯಲ್ಲಿ ಇನ್ನೂ ಇಸ್ತ್ರಿಯ ಬಿಸಿ.

"ನಾನೊಂದು ಮಾತು ಆಡಬಹುದಾ?"

"ಮೊದಲು ಮಾಸ್ತರ ಮಾತು ಒಪ್ಪಿಸು," ಎಂದಳು ಕಾಜಾ ಅಕ್ಕ.

ನಾದಿನಿ ಒಂದು ಸಲ ನಿಟ್ಟುಸಿರು ಬಿಟ್ಟು ಶುರುಮಾಡಿದಳು. ಐನೂರು, ಎರಡು ತಪಾಸಣೆ, ಎರಡು ವರ್ಷದ ಗಡುವು. "ಅಳತೆ ಸರಿನಾ, ಮಾಸ್ತರೇ?"

"ಸರಿ ತಾಯಿ."

"ಇನ್ನು ನನ್ನ ಮಾತು. ಇಸ್ತ್ರಿಯವರು ನಾವು ಇಪ್ಪತ್ತಾರು ಜನ ಇದೀವಿ. ನನ್ನ ಹೆಸರು ಮೊದಲು ಬರ್ಕೊಳ್ಳಿ, ಮಿಕ್ಕವರನ್ನ ನಾನು ತರ್ತೀನಿ. ಬೇಗ ಬರೀರಿ, ಪೆಟ್ಟಿಗೆ ಆರ್ತಾ ಇದೆ."

ಹೊಸಬರು ಸೇರುವಾಗ ಇಬ್ಬರು ಎದ್ದು ನಿಲ್ಲಬೇಕು. ಕಟಿಂಗ್ ಮಾಸ್ತರು ಮಂಡಿ ಹಿಡಿದುಕೊಂಡು ಎದ್ದರು. ಕಾಜಾ ಅಕ್ಕ ಆಗಲೇ ಎದ್ದು ನಿಂತಿದ್ದಳು.

"ಇವಳನ್ನ ನಾನು ಬಲ್ಲೆ," ಎಂದಳು, "ಚೆನ್ನಾಗೇ ಬಲ್ಲೆ."