ಮೀನು ಸಾಯುವುದು ನಿಂತಾಗ

ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ ಮರು ವರ್ಷ ನಾನು ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಅಕ್ವೇರಿಯಂ ನೋಡಿಕೊಳ್ಳುವ ಕೆಲಸಕ್ಕೆ ಇಳಿದೆ. ನೀರು ಬದಲಿಸುವುದು, ಫಿಲ್ಟರ್ ತೊಳೆಯುವುದು, ಎಲ್ಲಕ್ಕಿಂತ ಮುಖ್ಯವಾಗಿ ಜೀವಂತ ಗಿಡಗಳನ್ನು ನೆಟ್ಟು ಉಳಿಸುವುದು. ಸ್ಕೂಟಿಗೆ ಬಕೆಟ್ಟು, ಪೈಪು ಕಟ್ಟಿಕೊಂಡು ನವನಗರದಿಂದ ಹೊರಡುತ್ತಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ನಾನು. ಸಾಕ್ಷ್ಯವಿಲ್ಲದ ಮಾತನ್ನು ಆಗಲೂ ಒಪ್ಪುತ್ತಿರಲಿಲ್ಲ, ಈಗಲೂ ಒಪ್ಪುವುದಿಲ್ಲ.

ಗೋಪನಕೊಪ್ಪದ ಶಿವಪುತ್ರಪ್ಪ ಕಾಳುಕಡಿ ವ್ಯಾಪಾರಿ. ನನ್ನನ್ನು ಕರೆದದ್ದು ಅವರಲ್ಲ, ಅವರ ಹೆಂಡತಿ ನೀಲಮ್ಮ. "ಮೀನ ಉಳೀವಲ್ವು, ಬಂದು ನೋಡವಾ" ಎಂದು ಫೋನ್ ಮಾಡಿದ್ದರು.

ಪಡಸಾಲೆಯಲ್ಲಿದ್ದ ದೊಡ್ಡ ತೊಟ್ಟಿಯ ನೀರು ಕಲಗಚ್ಚಿನ ಬಣ್ಣಕ್ಕೆ ತಿರುಗಿತ್ತು. ಗೋಲ್ಡ್‌ಫಿಶ್‌ಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಜಲ್ಲಿಕಲ್ಲಿನಲ್ಲಿ ಬಿಳಿ ಅಂಚಿನ ಹಸಿರೆಲೆಯ ಗಿಡಗಳು ಸಾಲಾಗಿ ನಿಂತಿದ್ದವು. ಒಂದನ್ನು ಕಿತ್ತು ಕೈಯಲ್ಲಿ ಹಿಡಿದೆ. ಕೋಲಿನಂತೆ ನೆಟ್ಟಗೆ ನಿಂತಿತು. ಅಲ್ಲಿಗೆ ಗುರುತು ಸಿಕ್ಕಿತು. ನೀರೊಳಗೆ ಬೆಳೆಯುವ ಗಿಡವನ್ನು ನೀರೇ ಎತ್ತಿ ಹಿಡಿದಿರುತ್ತದೆ, ಹೊರಗೆ ತೆಗೆದರೆ ಒದ್ದೆ ಬಟ್ಟೆಯಂತೆ ಜೋತುಬೀಳುತ್ತದೆ. ಇದು ಡ್ರಸೀನಾ, ಕುಂಡದಲ್ಲಿ ಬೆಳೆಯಬೇಕಾದ ಗಿಡ. ಕೆಲವು ಅಂಗಡಿಯವರು ಇದನ್ನೇ ನೀರಿನ ಗಿಡವೆಂದು ಮಾರುತ್ತಾರೆ. ಎಲೆ ಬಿರುಸಾದ್ದರಿಂದ ಮೇಲೆ ಹಸಿರಾಗಿಯೇ ಕಾಣುತ್ತದೆ, ಕೆಳಗೆ ಕಾಂಡ ಕೊಳೆಯುತ್ತಿರುತ್ತದೆ. ಕೊಳೆತದ್ದರಿಂದ ಹುಟ್ಟುವ ಅಮೋನಿಯಾ ಮೀನಿನ ಕಿವಿರುಗಳನ್ನು ಸುಡುತ್ತದೆ. ಟೆಸ್ಟ್ ಕಿಟ್‌ನಲ್ಲಿ ಹಳದಿ ಬಂದರೆ ನೀರು ಕ್ಷೇಮ. ಇಲ್ಲಿ ಬಂದದ್ದು ಕಡು ಹಸಿರು.

"ಕಾಕಾರ, ನಿಮ್ಮ ಮೀನಿಗೆ ರೋಗ ಇಲ್ರಿ. ಗಿಡ ಕೊಳಿಯಾಕತ್ತೈತಿ" ಎಂದೆ.

ಶಿವಪುತ್ರಪ್ಪ ಕುರ್ಚಿಯಿಂದ ಏಳಲಿಲ್ಲ. "ಸಾಯಲಿ ಬಿಡವಾ. ಅದಕ್ಕs ತಂದಿಟ್ಟೇವಿ. ಮನಿಗೆ ಬರೂ ಪೀಡಾ ಮೀನಿನ ಮ್ಯಾಲೆ ಹೋಗತೈತಿ. ನಿಮ್ಮ ಕಾಕಿಗೆ ಆರಾಮಿಲ್ಲ. ಒಂದು ಮೀನು ಸತ್ತರ ಒಂದು ಕಂಟಕ ಕಳೀತು ಅಂತ."

ನೀಲಮ್ಮನವರನ್ನು ಆಗ ಸರಿಯಾಗಿ ನೋಡಿದೆ. ಮುಖ ಊದಿಕೊಂಡಿತ್ತು. ಪಾದಗಳು ಎಷ್ಟು ಬಾತಿದ್ದವೆಂದರೆ, ಕಾಲುಂಗುರಗಳನ್ನು ಬಿಚ್ಚಿ ಕರಿದಾರಕ್ಕೆ ಪೋಣಿಸಿ ಮುಂಗೈಗೆ ಕಟ್ಟಿಕೊಂಡಿದ್ದರು.

"ದವಾಖಾನಿಗೆ ತೋರಿಸೀರೇನ್ರಿ?"

"ಮೀನ ತಗೊಳ್ಳಾಕತ್ತಾವಲ್ಲ, ದವಾಖಾನಿ ಯಾಕ? ಹೋದ ವಾರ ಎರಡು ಸತ್ವು. ಅವತ್ತs ಅಕಿ ಎದ್ದು ರೊಟ್ಟಿ ಬಡಿದ್ಲು."

"ಮೀನು ಸತ್ತ ಮ್ಯಾಲೂ ಏಳದs ಮಲಗಿದ ದಿನಾ ಇರಬೇಕಲ್ರಿ? ಅವನ್ನ್ಯಾಕ ಲೆಕ್ಕಕ್ಕ ಹಿಡಿಯೂದಿಲ್ಲ?"

"ಅವತ್ತ ಮೀನು ಸಾಯದಿದ್ರ ಅಕೀನs ಹೋಗಿರ್ತಿದ್ಲು!"

ಆಕೆ ಎದ್ದರೆ ಅದು ಮೀನಿನ ಮಹಿಮೆ, ಏಳದಿದ್ದರೂ ಮೀನಿನ ಮಹಿಮೆ. ಎಂದೂ ಸೋಲಲಾರದ ಇಂಥ ವಾದಕ್ಕೆ ಸ್ಪರ್ಧೆಯಲ್ಲಾದರೆ ತೀರ್ಪುಗಾರರು ಸೊನ್ನೆ ಹಾಕುತ್ತಾರೆ. ಪಡಸಾಲೆಯಲ್ಲಿ ತೀರ್ಪುಗಾರರಿರಲಿಲ್ಲ.

"ನೀವಿಬ್ಬರೂ ಆಮ್ಯಾಲೆ ಜಗಳಾಡ್ರಿ" ಎಂದರು ನೀಲಮ್ಮ. "ಮೊದಲ ಗಿಡಾ ಕೀಳವಾ. ವಾಸನಿಗೆ ಹೊಟ್ಟಿ ತೊಳಸ್ತೈತಿ."

ಕಿತ್ತೆ. ಕೊಳೆಯದೆ ಉಳಿದಿದ್ದ ತುದಿಗಳನ್ನು ಅವರು ಕೇಳಿ ಪಡೆದು, ಬಾಗಿಲ ಬಳಿಯ ಹಳೆಯ ಎಣ್ಣೆಡಬ್ಬಿಯಲ್ಲಿ ಮಣ್ಣು ತುಂಬಿ ಊರಿದರು. ನಾನು ನೀರನ್ನು ಒಮ್ಮೆಗೇ ಚೆಲ್ಲದೆ ಹಂತಹಂತವಾಗಿ ಬದಲಿಸಿ ವ್ಯಾಲಿಸ್ನೇರಿಯಾ ನೆಟ್ಟೆ. ಹುಲ್ಲಿನಂಥ ಉದ್ದೆಲೆಯ ಈ ಗಿಡಕ್ಕೆ ನಮ್ಮ ಬೋರ್‌ವೆಲ್ಲಿನ ಗಡಸು ನೀರು ಒಗ್ಗುತ್ತದೆ. ಬೇರು ಮುಚ್ಚಬೇಕು, ಎಲೆ ಹೊರಡುವ ಬುಡ ಮಾತ್ರ ಮೇಲಿರಬೇಕು. ಅದನ್ನೂ ಹೂತರೆ ಇದೂ ಕೊಳೆಯುತ್ತದೆ.

ಪ್ರತಿ ವಾರ ಹೋದೆ. ಪರೀಕ್ಷೆಯ ಬಣ್ಣ ಹಳದಿಗೆ ಬಂತು, ಗಿಡ ಮರಿ ಹಾಕಿತು, ಮೀನು ಸಾಯುವುದು ನಿಂತಿತು. ತೊಟ್ಟಿ ತಿಳಿಯಾದಷ್ಟೂ ಶಿವಪುತ್ರಪ್ಪನವರ ಮುಖ ಕಪ್ಪಿಡುತ್ತಾ ಹೋಯಿತು. ಒಂದು ಮುಂಜಾನೆ ಫೋನ್ ಬಂತು.

"ಯಾಕವಾ, ಮೀನ ಸಾಯವಲ್ವು?"

"ಛಲೋ ಆತಲ್ರಿ ಕಾಕಾರ."

"ಏನ್ ಛಲೋ? ಇನ್ನ ಪೀಡಾ ಯಾರ ಮ್ಯಾಲೆ ಹೋಗಬೇಕು? ಅಕಿನ್ನ ದವಾಖಾನಿಗೆ ಕರಕೊಂಡು ಹೊಂಟೇನಿ."

ನನ್ನ ಯಾವ ವಾದಕ್ಕೂ ಜಗ್ಗದ ಮನುಷ್ಯ, ಮೀನು ಬದುಕಿದ್ದಕ್ಕೆ ಹೆದರಿ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಎರಡೂ ಕಿಡ್ನಿ ಹೆಚ್ಚುಕಡಿಮೆ ಕೆಲಸ ಬಿಟ್ಟಿವೆ, ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಡಾಕ್ಟರು ಕೇಳಿದರಂತೆ. ಡಯಾಲಿಸಿಸ್ ಶುರುವಾಯಿತು. ಯಂತ್ರ ರಕ್ತವನ್ನು ಸೋಸುವ ಚಿಕಿತ್ಸೆ ಅದು. "ನಿನ್ನ ಫಿಲ್ಟರ್ ಇದ್ದಂಗ ನೋಡವಾ. ನನ್ನೂ ತೊಟ್ಟಿ ಮಾಡ್ಯಾರ" ಎಂದು ನೀಲಮ್ಮ ನಕ್ಕರು. ನನಗೆ ನಗು ಬರಲಿಲ್ಲ.

ಮುಂದಿನ ಸಲ ಹೋದಾಗ ಶಿವಪುತ್ರಪ್ಪ ತೊಟ್ಟಿಯ ಮುಂದೆ ನಿಂತಿದ್ದರು. ಎಣ್ಣೆಡಬ್ಬಿಯಲ್ಲಿ ಬೇರುಬಿಟ್ಟಿದ್ದ ಡ್ರಸೀನಾ ಅವರ ಕೈಯಲ್ಲಿತ್ತು.

"ಇದನ್ನ ಒಳಗ ಹಾಕು. ಮೊದಲಿನಂಗ ಮಾಡಿಕೊಡು."

"ಹಾಕೂದಿಲ್ರಿ."

"ಮೀನ ಸತ್ತರ ನಿಂದೇನ ಹೋಗತೈತಿ?"

ನನ್ನ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಒಳಕೋಣೆಯ ಮಂಚದಿಂದ ನೀಲಮ್ಮನವರ ದನಿ ಕೇಳಿತು: "ಅದು ಈಗಷ್ಟ ಚಿಗತೈತ್ರಿ. ಮತ್ತ ಮುಳಗಸಬ್ಯಾಡ್ರಿ."

ಶಿವಪುತ್ರಪ್ಪನವರ ಕೈ ನೀರಿನ ಮೇಲೆಯೇ ನಿಂತಿತು. ಬೇರಿನ ಮಣ್ಣು ತೊಟ್ಟಿಯೊಳಗೆ ಉದುರುತ್ತಿತ್ತು.

"ಹಂಗಾದ್ರ ನಾ ಏನ್ ಮಾಡ್ಲೆವಾ?"

ಇದು ವಾದವಾಗಿರಲಿಲ್ಲ. "ಡಯಾಲಿಸಿಸ್‌ಗೆ ಜೋಡಿ ಹೋಗ್ರಿ. ಬಾಜೂಕ ಕೂಡ್ರಿ" ಎಂದೆ. ಅವರು ಹೋದರು. ಒಂದು ಸಲವೂ ತಪ್ಪಿಸಲಿಲ್ಲ.

ಮಳೆಗಾಲ ಮುಗಿಯುವ ಮೊದಲೇ ನೀಲಮ್ಮ ತೀರಿಕೊಂಡರು. ಮಾತನಾಡಿಸಲು ಹೋದಾಗ ಮೀನುಗಳೆಲ್ಲ ಬದುಕಿದ್ದವು. ಶಿವಪುತ್ರಪ್ಪ ತೊಟ್ಟಿ ತೋರಿಸಿ ಬಂದವರಿಗೆ ಹೇಳುತ್ತಿದ್ದರು: "ಒಂದರ ಸತ್ತಿದ್ರ ಅಕಿ ಉಳೀತಿದ್ಲು." ಆ ಮಾತು ತಪ್ಪು. ಯಾಕೆ ತಪ್ಪೆಂದು ಯಾವ ವೇದಿಕೆಯಲ್ಲಾದರೂ ನಿಂತು ಹೇಳಬಲ್ಲೆ. ಅಲ್ಲಿ ಹೇಳಲಿಲ್ಲ.

ಕೆಲಸ ಕಲಿಸಿದ್ದು ಇಷ್ಟು. ಮೀನು ಸಾಯುತ್ತಿವೆ ಎಂದು ಯಾರಾದರೂ ಕರೆದರೆ ಈಗ ನಾನು ತೊಟ್ಟಿಯ ಮುಚ್ಚಳ ತೆಗೆಯುವ ಮೊದಲೇ ಕೇಳುತ್ತೇನೆ: "ಮನ್ಯಾಗ ಯಾರಿಗರ ಆರಾಮಿಲ್ಲೇನ್ರಿ?"