“ನಿಮ್ಮನೇಲಿ ಬಾಡು ಎಷ್ಟು ದಿನಕ್ಕೊಂದ್ಸಲ?”

ಬ್ಯಾಟರಾಯನಪುರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮರಿಯಮ್ಮ ಆಗಲೇ ಒಂದು ಮನೆಯ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಎಸರಿಗೆ ಬೀಳಲಿರುವ ರಾಗಿಹಿಟ್ಟನ್ನು ಕೈತಕ್ಕಡಿಯಲ್ಲಿ ತೂಗುತ್ತಿದ್ದಾರೆ. ಹೊಗೆಗೆ ಕಣ್ಣಲ್ಲಿ ನೀರು. “ಎಸರಿಗೆ ಬಿದ್ಮೇಲೆ ತೂಕ ಸಿಗಲ್ಲ. ಹೊತ್ತೇರಿದ್ರೆ ಹೆಂಗಸ್ರು ದ್ರಾಕ್ಷಿ ತೋಟಕ್ಕೆ ಹೋಗ್ಬಿಡ್ತಾರೆ. ಅದಕ್ಕೇ ಬೇಗ ಬರ್ತೀನಿ” ಎನ್ನುತ್ತಾರೆ.

ಮಾಂಸ ತಿನ್ನುವುದಕ್ಕೂ ಯಕೃತ್ತಿನ ಕ್ಯಾನ್ಸರಿಗೂ ನಂಟೇನಾದರೂ ಇದೆಯೇ ಎಂದು ವೈದ್ಯರೊಬ್ಬರು ೧೯೬೪ರಿಂದ ಹುಡುಕುತ್ತಿದ್ದಾರೆ. ಅವರಿಗಾಗಿ ಎರಡು ವರ್ಷದಿಂದ ಯಶವಂತಪುರ, ಹೆಬ್ಬಾಳಗಳ ಸುತ್ತ ಮನೆಮನೆ ಅಲೆಯುತ್ತಿರುವವರು ನಲವತ್ತಾರರ ಈ ವಿಧವೆ. ದಿನಕ್ಕೆ ಎರಡು ಮೂರು ಮನೆ, ಆರೇಳು ಮೈಲಿ ನಡಿಗೆ. ಅಡುಗೆಗೆ ಬೀಳುವುದನ್ನು ತೂಗಿ ಬರೆದುಕೊಳ್ಳಬೇಕು, ಜೊತೆಗೆ ಇಪ್ಪತ್ತೆರಡು ಪ್ರಶ್ನೆ. ಬಾಡು ಎಷ್ಟು ದಿನಕ್ಕೊಮ್ಮೆ, ಹಸಿಯದೋ ಒಣಗಿಸಿದ್ದೋ, ಹೆಂಡದ ಅಭ್ಯಾಸ ಇದೆಯೋ, ಹಿಂದೆ ಕಾಮಾಲೆ ಆಗಿತ್ತೋ, ಹೀಗೆ.

ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರಿಗೆ ಹೆಂಗಸರನ್ನು ಮಾತಾಡಿಸುವುದು ಹೊಸದಲ್ಲ. ಆದರೂ ಬಾಗಿಲು ಮುಚ್ಚಿಕೊಂಡವರು ಬಹಳ. ರೇಷನ್ ಕಾರ್ಡು ಕಿತ್ತುಕೊಳ್ಳಲು ಬಂದವಳೆಂದು ಬೈದವರಿದ್ದಾರೆ. ಬಾಡಿನ ಮಾತೆತ್ತಿದ್ದಕ್ಕೆ ಒಂದು ಮನೆಯವರು ನೀರೆರಚಿದ್ದೂ ಉಂಟು. “ಸೀರೆ ಒಣಗುತ್ತೆ ಬಿಡಿ. ಜನ ಸುಳ್ ಹೇಳಿದ್ರೇ ಕಷ್ಟ.”

ಅಂಥ ಒಂದು ಮನೆಯ ಮುನಿಯಲ್ಲಮ್ಮ ಹಾಗೇ ಸುಳ್ಳು ಹೇಳಿದ್ದರು. ಗಂಡ ಲಕ್ಕಣ್ಣ ಅದೇ ಕ್ಯಾನ್ಸರಿನಿಂದ ತೀರಿಕೊಂಡು ಮೂರು ತಿಂಗಳಾಗಿತ್ತು. ಎರಡು ಸಲ ಹೋದಾಗಲೂ ಅದೇ ಉತ್ತರ, “ನಮ್ಮನೇಲಿ ಬಾಡು ಮುಟ್ಟಲ್ಲ.” ಜಗಲಿಯಲ್ಲಿದ್ದ ಅತ್ತೆ ಮಾತ್ರ, “ಬಾಡು ತಿನ್ಸಿ ತಿನ್ಸಿ ನನ್ ಮಗನ್ನ ತಿಂದ್ಕೊಂಡ್ಳು” ಎಂದು ಬರುವವರಿಗೆಲ್ಲ ಕೇಳುವಂತೆ ಗೊಣಗುತ್ತಿದ್ದರು.

ಮೂರನೆಯ ಸಲ ಮರಿಯಮ್ಮ ಉತ್ತರ ಬರೆದುಕೊಳ್ಳುವ ಪುಸ್ತಕ ತೆರೆಯಲಿಲ್ಲ, ಸುಮ್ಮನೆ ಜೊತೆಗೆ ಕೂತು ಅವರೆಕಾಯಿ ಬಿಡಿಸಿದರು. ಬುಟ್ಟಿ ಅರ್ಧ ಖಾಲಿಯಾದಾಗ ಮುನಿಯಲ್ಲಮ್ಮ ತಾವಾಗಿಯೇ ಬಾಯಿಬಿಟ್ಟರು. “ವಾರಕ್ಕೊಂದ್ಸಲ ಮಾಡ್ತಿದ್ದೆ ಕಣಕ್ಕ. ಅವ್ರೇ ಕೇಳೋರು. ನನ್ ಕೈಯಿಂದ್ಲೇ ಓಗ್ಬಿಟ್ರಾ, ಏಳಕ್ಕ.”

ಮರಿಯಮ್ಮ ಕೈಯಲ್ಲಿದ್ದ ಅವರೆಕಾಯಿಯನ್ನು ಕೆಳಗಿಟ್ಟರು. ಸಮಾಧಾನಕ್ಕೆಂದು ಇಲ್ಲದ್ದನ್ನು ಹೇಳಲು ಮನಸ್ಸೊಪ್ಪಲಿಲ್ಲ. “ಬಾಡಿಂದ ಬರುತ್ತೋ ಇಲ್ವೋ, ಡಾಕ್ಟರಿಗೇ ಇನ್ನೂ ಗೊತ್ತಿಲ್ಲ ಕಣಮ್ಮ. ಬಾಡು ಮುಟ್ಟದ ಮೂರು ಮನೇಲೂ ಇದೇ ಕಾಯಿಲೆ ಬಂದಿರೋದನ್ನ ನಾನೇ ಬರ್ಕೊಂಡಿದೀನಿ. ಗೊತ್ತಿದ್ದಿದ್ರೆ ಹಿಂಗೆ ಮನೆಮನೆ ಕೇಳ್ತಾ ಯಾಕ್ ಅಲೀತಿದ್ದೆ? ನಿನ್ನನ್ನ ದೂರೋಕೆ ಯಾರಿಗೂ ಆಧಾರ ಇಲ್ಲ.”

ಅಷ್ಟಕ್ಕೇ ಬಿಡದೆ ಜಗಲಿಗೆ ಹೋಗಿ ಅತ್ತೆಗೂ ಅದನ್ನೇ ಹೇಳಿದರು. ಮುದುಕಿ, “ನಂಗೆ ಯಾರೂ ಇಂಗೆ ಏಳಿರ್ಲಿಲ್ಲ” ಎಂದರು. ಸೊಸೆಯ ಮೇಲಿನ ಗೊಣಗಾಟ ಅಂದಿಗೆ ನಿಂತಿತು.

ಪುಸ್ತಕದಲ್ಲಿದ್ದ “ಇಲ್ಲ” ಎಂಬುದನ್ನು ಹೊಡೆದುಹಾಕಿ, “ವಾರಕ್ಕೊಮ್ಮೆ” ಎಂದು ಬರೆದುಕೊಂಡು ಮರಿಯಮ್ಮ ಮುಂದಿನ ಮನೆಗೆ ನಡೆದರು.

ಇವತ್ತಿಗೆ ಸಾವಿರದ ಇನ್ನೂರು ಮನೆ ದಾಟಿದೆ. ಉತ್ತರ ಸಿಗಲು ಇನ್ನೂ ಎಷ್ಟು ವರ್ಷ ಬೇಕೋ ವೈದ್ಯರಿಗೂ ತಿಳಿಯದು. ಏನಾದರೂ ಆಸೆಯಿದೆಯೇ ಎಂದರೆ ಮರಿಯಮ್ಮ ಸಂಕೋಚದಿಂದ ನಗುತ್ತಾರೆ.

“ಉತ್ತರ ಬಂದ ದಿನ ಈ ಮನೆಗಳಿಗೆಲ್ಲ ನಾನೇ ಹೋಗಿ ಹೇಳ್ಬೇಕು. ಕೇಳ್ದೋಳು ನಾನಲ್ವಾ.”